ಹಾಸ್ಯಗಾರರಿಗೆ ಎರಡು ಕ್ಯಾನ್ ನೀರು

ನಾನು ಬೆಂಗಳೂರಿನಲ್ಲಿ ಒಟ್ಟು ಮಲಗಿದ್ದು ಮೂರೇ ರಾತ್ರಿ. ಆದರೂ ಆ ಊರನ್ನು ಗೇಲಿ ಮಾಡಲು ನನ್ನಷ್ಟು ಬಲ್ಲವರು ನಮ್ಮೂರು ಕೆರಗೋಡಿನಲ್ಲಿರಲಿಲ್ಲ. ಕಲಿಸಿದವರು, ಪ್ರತಿ ಭಾನುವಾರ ಪತ್ರಿಕೆಯಲ್ಲಿ ಬರೆಯುತ್ತಿದ್ದ ಒಬ್ಬ ಹಾಸ್ಯಗಾರರು. ಅವರಿಗೆ ಬೆಂಗಳೂರೆಂದರೆ ಪ್ರಾಣ. ಅದರ ಕೆಟ್ಟ ಲಿಫ್ಟನ್ನೂ, ನೀರಿನ ಟ್ಯಾಂಕರನ್ನೂ, ಸಿಗ್ನಲ್ಲಿನಲ್ಲೇ ಮುದುಕರಾಗುವ ಜನರನ್ನೂ ಮುದ್ದಿಸುತ್ತಲೇ ಚುಚ್ಚುತ್ತಿದ್ದರು. ಮಂಡ್ಯದಲ್ಲಿ ಗುಮಾಸ್ತನಾಗಿದ್ದ ನಾನು ಅದನ್ನು ಮನೆಯ ಜಗಲಿಯಲ್ಲಿ ಅವ್ವನಿಗೆ ಗಟ್ಟಿಯಾಗಿ ಓದಿ, ನಾನೇ ನಗುತ್ತಿದ್ದೆ. ಅವ್ವ ನಗುತ್ತಿರಲಿಲ್ಲ. ಹಳ್ಳಿಯವರಿಗೆ ಹಾಸ್ಯ ಹತ್ತುವುದಿಲ್ಲ ಎಂದು ತೀರ್ಮಾನಿಸಿದ್ದೆ.

ಎದುರಿಗೇ ನಿಲ್ಲಿಸಿದರೆ ಹೇಗೆ ನಗುವುದಿಲ್ಲ ನೋಡೋಣ ಎಂದು ಹಟಕ್ಕೆ ಬಿದ್ದು, ಊರಿನ ಸಂಘದ ಕಾರ್ಯಕ್ರಮಕ್ಕೆ ಅವರನ್ನೇ ಕರೆಸಿದೆ. ಜನ ನಕ್ಕರೆ ನಾನು ಗೆದ್ದಂತೆ.

ಇಡೀ ಅಪಾರ್ಟ್‌ಮೆಂಟು ಬಕೆಟ್ ಹಿಡಿದು ಟ್ಯಾಂಕರಿಗೆ ಕಾದ ಕಥೆಯನ್ನು ಅವರು ಹೇಳಿದರು. ನಾನೊಬ್ಬನೇ ನಕ್ಕೆ. ಮೈಕಿನಲ್ಲಿ ನೀರಿಲ್ಲವೆಂಬ ಮಾತು ಬಂತೆಂದರೆ ಮುಂದೆ ಹೆದ್ದಾರಿಯಲ್ಲಿ ಕೂರುವುದು ನಮ್ಮ ಜಿಲ್ಲೆಯ ವಾಡಿಕೆ. ಹಿರಿಯರೊಬ್ಬರು ಎದ್ದು, ಹಾಗಾದರೆ ರಸ್ತೆ ತಡೆ ಯಾವತ್ತು ಎಂದು ಕೇಳಿಯೇಬಿಟ್ಟರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಾಸ್ಯಗಾರರನ್ನು ಊಟಕ್ಕೆ ಮನೆಗೆ ಕರೆತಂದೆ. ಮುದ್ದೆ, ಬಂಡೂರು ಕುರಿಯ ಸಾರು. ಅವರು ಹೊರಡುವಾಗ ಅವ್ವ ನಮ್ಮ ಬೋರಿನ ನೀರು ತುಂಬಿದ ಎರಡು ಕ್ಯಾನ್‌ಗಳನ್ನು ಕಾರಿನಲ್ಲಿ ಇಡಿಸಿದಳು.

"ಮಡೀಕಳಪ್ಪ. ಕುಡಿಯಕ್ಕೆ ನೀರಿಲ್ದೇ ಇದ್ರೂ ನಗುಸ್ತೀಯಲ್ಲ, ದೊಡ್ಡೋನು ಕಣಪ್ಪ ನೀನು."

ಅವರು ಬಗ್ಗಿ ಕೈಮುಗಿದರು. ಅವರ ಕಣ್ಣು ತುಂಬಿದಂತೆ ನನಗೆ ಕಂಡಿತು. ಅಭಿಮಾನಿಗಳಿಗೆ ಹಾಗೆಲ್ಲ ಕಾಣುತ್ತದೆ.

ಮುಂದಿನ ಭಾನುವಾರ ನಮ್ಮೂರೇ ಅಂಕಣವಾಗಿತ್ತು. ಸಾವಿನ ಮನೆಗೆ ಬಂದವರಂತೆ ಕೂತ ಸಭೆ, ರಸ್ತೆ ತಡೆಯಲು ಹೊರಟ ಯಜಮಾನ, ಬೆಂಗಳೂರಿನ ದಾಹ ತೀರಿಸಲು ಕ್ಯಾನ್ ಹಿಡಿದು ಬಂದ ಮುದುಕಿ. ಬಲು ಚೆನ್ನಾಗಿ ಬರೆದಿದ್ದರು, ದರಿದ್ರದ್ದು. ಅಭ್ಯಾಸಬಲದಿಂದ ಯಜಮಾನನವರೆಗೂ ನಕ್ಕೆ. ಮುದುಕಿ ಬಂದಳು ನೋಡಿ, ಮೈ ಉರಿದುಹೋಯಿತು. ಆಮೇಲೆ ನಾಚಿಕೆಯಾಯಿತು. ಅವ್ವನ ಎದುರು ಇಷ್ಟು ವರ್ಷ ನಾನು ನಕ್ಕಿದ್ದೂ ಅದೇ ನಗುವನ್ನೇ.

ಅವ್ವ ಕಾಫಿ ಲೋಟ ಹಿಡಿದು ಬಂದು ಕಂಬಕ್ಕೆ ಒರಗಿ ಕೂತಳು. ಓದು ಅಂದಳು. ನಾನು ಪೇಪರನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡೆ.

"ಈ ವಾರ ಅವ್ರು ಬರ್ದಿಲ್ಲ ಕಣವ್ವ."

ಅವ್ವ ಲೋಟವನ್ನು ಕೆಳಗಿಟ್ಟಳು.

"ಪಾಪ, ನೀರು ಮುಗ್ದೋಯ್ತೇನೊ. ಫೋನ್ ಮಾಡಿ ಕೇಳು ಕಣ್ಲಾ."