ಕಾಫಿ ಹೊಯ್ಯುವಾಗ ರುದ್ರೇಶ ಕೇಳಿದ್ದು

ಶಕುನ, ಕಣಿ, ಮೈಮೇಲೆ ಬರುವುದು, ಇಂಥವನ್ನು ನಾನು ನಂಬಿದವನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಮೇಷ್ಟ್ರು ನಾನು. ಹಲ್ಲಿ ಲೊಚಗುಟ್ಟಿತೆಂದು ಯಾರಾದರೂ ಪ್ರಯಾಣ ನಿಲ್ಲಿಸಿದರೆ ಅವರೆದುರೇ ನಗುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ, ಆದರೆ ನಗುವುದನ್ನು ಬಿಟ್ಟಿದ್ದೇನೆ. ಅದಕ್ಕೆ ಕಾರಣ ನನ್ನ ಗೆಳೆಯ ರುದ್ರೇಶ.

ಎಪ್ಪತ್ತರ ದಶಕದ ಕೊನೆಯ ಮಾತು. ರುದ್ರೇಶ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿದ್ದ. ನಮ್ಮ ಕಡೆ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು ಕೊಬ್ಬರಿ ಮಾಡುತ್ತಾರೆ. ಒಳಗೆ ಒಣಗಿದೆಯೋ ಇಲ್ಲವೋ ಎಂಬುದನ್ನು ಕಾಯನ್ನು ಕಿವಿಯ ಹತ್ತಿರ ಅಲುಗಾಡಿಸಿಯೇ ತಿಳಿಯಬೇಕು. ರುದ್ರೇಶನಿಗೆ ಅಷ್ಟೂ ಬೇಕಿರಲಿಲ್ಲ. ಕಾಯಿ ನೆಲದ ಮೇಲೆ ಉರುಳಿದ ಸದ್ದು ಕೇಳಿದರೆ ಸಾಕು, ಇನ್ನೊಂದು ತಿಂಗಳು ಬಿಡಿ ಎಂದುಬಿಡುತ್ತಿದ್ದ. ಒಡೆದು ನೋಡಿದಾಗ ಅವನ ಮಾತು ಸುಳ್ಳಾದದ್ದನ್ನು ನಾನು ಕಾಣೆ.

ಭಾನುವಾರ ಬಂತೆಂದರೆ ನಾವಿಬ್ಬರೂ ಕಾಫಿಗೆ ಹೊರಡುತ್ತಿದ್ದೆವು. ತುರುವೇಕೆರೆ, ಮಾಯಸಂದ್ರ, ಚಿಕ್ಕನಾಯಕನಹಳ್ಳಿ, ಎಲ್ಲಿ ಒಳ್ಳೆಯ ಕಾಫಿ ಅಂದರೆ ಅಲ್ಲಿಗೆ. ನಾನು ಕಾಫಿಯನ್ನು ಮೂಗಿನಿಂದ ಅಳೆದರೆ ಅವನು ಕಿವಿಯಿಂದ ಅಳೆಯುತ್ತಿದ್ದ. ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವಾಗ ಕಣ್ಣು ಮುಚ್ಚಿ ಕೇಳಿ, ಹಾಲಿಗೆ ನೀರು ಎಷ್ಟು ಬಿದ್ದಿದೆ ಎಂದು ಹೇಳುತ್ತಿದ್ದ. ಹೋಟೆಲಿನವರಿಗೆ ಅವನನ್ನು ಕಂಡರೆ ಭಯ. ಹೆದರದವಳು ಒಬ್ಬಳೇ, ಬಿಳಿಗೆರೆಯ ಗಂಗಕ್ಕ. ಮನೆಯ ಪಡಸಾಲೆಯಲ್ಲೇ ಅವಳ ಒಲೆ, ಎರಡು ಬೆಂಚು, ತಲೆಯ ಮೇಲೆ ಕಾಯಿ ತುಂಬಿದ ಅಟ್ಟ. ಅಂಥ ಕಾಫಿಯನ್ನು ನಾನು ಮತ್ತೆಲ್ಲೂ ಕುಡಿದಿಲ್ಲ. ರುದ್ರೇಶ ಕೂಡ ಅದರಲ್ಲಿ ಒಂದು ಕೊಂಕು ತೆಗೆದವನಲ್ಲ. ಪ್ರತಿ ವರ್ಷ ಅಟ್ಟ ಹತ್ತಿ ಅವಳ ಕಾಯಿ ನೋಡಿಕೊಡುತ್ತಿದ್ದವನೂ ಅವನೇ. ಈ ಸಂಗತಿ ನಡೆದ ವರ್ಷ ಮಾತ್ರ ಕಾಲು ಮುರಿದುಕೊಂಡು ಮಲಗಿದ್ದರಿಂದ ಹತ್ತಿರಲಿಲ್ಲ.

ಕಾಲು ವಾಸಿಯಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ತಿಪಟೂರಿನ ಹೋಟೆಲೊಂದರಲ್ಲಿ ಕೂತಿದ್ದೆವು. ಹೋಟೆಲಿನವರು ಕಾಫಿ ಎತ್ತಿ ಹೊಯ್ದರು. ರುದ್ರೇಶ ಎಂದಿನಂತೆ ಕಣ್ಣು ಮುಚ್ಚಿದ. ತೆರೆದಾಗ ಮುಖ ಬಿಳಿಚಿಕೊಂಡಿತ್ತು.

“ಗಂಗಕ್ಕನ ಅಟ್ಟದಾಗೆ ಕಾಯಿ ಉರುಳ್ತಾವೆ ಕಣ್ಲಾ,” ಅಂದ. “ಏಳು, ಹೋಗಾನ.”

ನಾನು ನಕ್ಕೆ. ಮೈಲಿಗಟ್ಟಲೆ ದೂರದ ಬಿಳಿಗೆರೆಯ ಅಟ್ಟ ತಿಪಟೂರಿಗೆ ಕೇಳಿಸುವುದಾದರೆ ನಿನ್ನ ಕಿವಿಯನ್ನು ರೇಡಿಯೋದವರಿಗೆ ಕೊಡು ಎಂದೆ. ಅಷ್ಟರಲ್ಲಿ ಅವನು ಕಾಫಿ ಮುಟ್ಟದೆ ಎದ್ದು ಸೈಕಲ್ ಹತ್ತಿಯಾಗಿತ್ತು. ಕಾಫಿ ಬಿಟ್ಟು ಎದ್ದವನೇ ಅಲ್ಲ ಅವನು. ಅದೊಂದಕ್ಕೇ ನಾನೂ ಹಿಂದೆ ಹೊರಟೆ.

ಹೋಗಿ ನೋಡಿದರೆ ಗಂಗಕ್ಕ ಒಲೆಯ ಮುಂದೆ ಆರಾಮಾಗಿ ಕೂತು ಕಾಫಿ ಬೆರೆಸುತ್ತಿದ್ದಳು. ಗಿರಾಕಿಗಳು ಯಾರೂ ಇರಲಿಲ್ಲ. ಅಟ್ಟದಲ್ಲಿ ಸದ್ದಿಲ್ಲ, ಸುದ್ದಿಯಿಲ್ಲ. ನನಗೆ ನಾಚಿಕೆಯಾಯಿತು. ರುದ್ರೇಶ ಅಂಗಳದಲ್ಲೇ ನಿಂತು ಹೊರಗೆ ಬಾ ಎಂದು ಕರೆದ. ಒಲೆ ಬಿಟ್ಟು ಬರುವುದಿಲ್ಲ ಎಂದಳು. ಅಟ್ಟ ಕುಸಿಯುತ್ತದೆ ಎಂದದ್ದಕ್ಕೆ, ಅದು ನಮ್ಮ ಮಾವ ಕಟ್ಟಿಸಿದ್ದು, ನಿನ್ನ ಕಾಲಿಗಿಂತ ಗಟ್ಟಿ ಎಂದು ನಕ್ಕಳು. ಆಗ ಅವನು, ಅವಳಿಗೆ ಯಾರೂ ಎಂದೂ ಆಡದ ಮಾತು ಆಡಿದ.

“ನಿನ್ ಕಾಫಿಗೆ ನೀರು ಬಿದ್ದೈತೆ ಕಣಕ್ಕ. ಇಲ್ಲೀಗಂಟ ಸದ್ದು ಬತ್ತಾ ಐತೆ.”

ಗಂಗಕ್ಕ ಸರ್ರನೆ ಎದ್ದಳು. ಕಾಫಿಯ ಚೊಂಬು, ಲೋಟ ಹಿಡಿದು ಅಂಗಳಕ್ಕೇ ಬಂದಳು. “ಯಾವ್ ಕಿವೀಲಿ ಕೇಳುಸ್ಕಂತೀಯೋ ಕೇಳುಸ್ಕೋ,” ಎಂದು ಅವನ ಕಿವಿಯ ಪಕ್ಕದಲ್ಲೇ ಎತ್ತಿ ಹೊಯ್ದಳು. ಎರಡನೇ ಸಲ ಹೊಯ್ಯುತ್ತಿದ್ದಾಗ ಅವಳ ಹಿಂದೆ ತೊಲೆ ಮುರಿಯಿತು. ಅಟ್ಟದ ಅಷ್ಟೂ ಕಾಯಿ ಒಲೆಯ ಮೇಲೆ, ಅವಳು ಕೂತಿದ್ದ ಮಣೆಯ ಮೇಲೆ ಸುರಿದುಬಿತ್ತು. ಧೂಳು ಅಡಗಿದಾಗ ಮಣೆ ಇದ್ದ ಜಾಗವೇ ತಿಳಿಯಲಿಲ್ಲ. ಗಂಗಕ್ಕ ಕೈಯಲ್ಲಿದ್ದ ಲೋಟ ಬಿಟ್ಟಿರಲಿಲ್ಲ. ಅದನ್ನು ರುದ್ರೇಶನ ಕೈಗಿಟ್ಟಳು. ಅವನು ಅಳುತ್ತಲೇ ಕುಡಿದ.

ತೊಲೆಗೆ ಗೆದ್ದಲು ಹಿಡಿದಿತ್ತು, ನಿಜ. ಅದು ಮುರಿದದ್ದರಲ್ಲಿ ವಿಚಿತ್ರವೇನಿಲ್ಲ. ಆದರೆ ಶಬ್ದ ಎಷ್ಟು ದೂರ ಹೋಗುತ್ತದೆಂದು ಮಕ್ಕಳಿಗೆ ಪಾಠ ಹೇಳಿದವನು ನಾನು. ತಿಪಟೂರಿನ ಲೋಟದಲ್ಲಿ ಬಿಳಿಗೆರೆಯ ಅಟ್ಟ ಕೇಳಿಸಿದ್ದು ಹೇಗೆಂದು ರುದ್ರೇಶನನ್ನು ಎಷ್ಟೋ ಸಲ ಕೇಳಿದೆ. “ನಂಗೂ ಗೊತ್ತಿಲ್ಲ ಬುಡು,” ಅನ್ನುತ್ತಿದ್ದ. “ಅವತ್ತಿನ ಕಾಫೀಲಿ ಒಂದ್ ತೊಟ್ಟೂ ನೀರಿರ್ಲಿಲ್ಲ. ಅಕ್ಕಂಗೆ ಹಂಗಂದ್ನಲ್ಲಾ, ಅದೊಂದು ಮನಸಿಗೆ ಕೊರೀತದೆ.”

ಈಗಲೂ ಎಲ್ಲಾದರೂ ಕಾಫಿ ಎತ್ತಿ ಹೊಯ್ದರೆ ನಾನು ಕಣ್ಣು ಮುಚ್ಚುತ್ತೇನೆ. ಇಷ್ಟು ವರ್ಷವಾಯಿತು, ನನಗೆ ಬರೀ ಕಾಫಿಯ ಸದ್ದು ಕೇಳಿಸುತ್ತದೆ.