ಫ್ಲೆಕ್ಸಿನ ಕೆಳಗಿನ ಹೆಸರು

ಸುದ್ದಿಮನೆಯಲ್ಲಿ ಕೂದಲು ಹಣ್ಣಾದ ನನಗೆ ಒಂದು ಚಾಳಿಯಿದೆ. ರಸ್ತೆ ಬದಿಯ ಪುಣ್ಯಸ್ಮರಣೆಯ ಫ್ಲೆಕ್ಸುಗಳನ್ನೂ ಕರಡು ತಿದ್ದುವವನಂತೆ ನಿಂತು ಓದುತ್ತೇನೆ. ಚಿಕ್ಕಜಾಜೂರಿನ ರೈಲು ನಿಲ್ದಾಣದ ಬಳಿ ಹಾಗೆ ಓದುವಾಗ ನನ್ನದೇ ವಾಕ್ಯ ಎದುರಾಯಿತು: ‘ಈಗಲೂ ಹೊರಡುವಾಗ ಒಳಗೆ ತಿರುಗಿ “ಬರ್ತೀನಿ” ಅನ್ನುತ್ತೇನೆ.’ ನನ್ನ ಹೆಂಡತಿಯ ವರ್ಷದ ಪುಣ್ಯಸ್ಮರಣೆಯ ಫ್ಲೆಕ್ಸಿಗೆ ಬರೆದದ್ದು. ಈಗ ಅದರ ಮೇಲೆ ಗೌರಮ್ಮ ಎಂಬವರ ನಗುಮುಖ.

ಸುದ್ದಿ ಯಾರ ಸ್ವತ್ತೂ ಅಲ್ಲ, ಬರೆದ ಮಾತು ಬರೆದವನದು. ಎತ್ತಿಕೊಂಡರೆ ಹೆಸರು ಹೇಳಬೇಕು. ಕಿರಿಯ ವರದಿಗಾರರಿಗೆ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಒಂಟಿ ಸಾಲಿಗೆ ಕೃತಿಸ್ವಾಮ್ಯ ಸಿಗುವುದು ಅನುಮಾನವೆಂದೂ ಗೊತ್ತು. ಆದರೆ ಅವಳಿಗೆಂದು ನಾನು ಬರೆದದ್ದು ಅದೊಂದೇ ಸಾಲು. ಅದೂ ಹೋದರೆ ನನ್ನಲ್ಲಿ ಉಳಿಯುವುದೇನು?

ಅವಳ ಫ್ಲೆಕ್ಸ್ ಮಾಡಿಸಿದ್ದ ಹೊಳಲ್ಕೆರೆಯ ಅಂಗಡಿಗೆ ಹೋದೆ. ಮಾಲೀಕ ಮಂಜಣ್ಣ ತಣ್ಣಗಿದ್ದ.

‘ಕಂಪ್ಯೂಟರ್‌ನಾಗೆ ಇತ್ತು ಸಾರ್. ನಾಕಾರು ತೋರಿಸ್ದೆ, ಅವ್ರು ಇದನ್ನೇ ಹಿಡ್ಕಂಡ್ರು.’

‘ಬರೆದವರ ಹೆಸರು ಹಾಕಬೇಕಪ್ಪ. ಅದು ಕಾನೂನು.’

‘ಅಷ್ಟೇನಾ? ಅವ್ರ ಮನೆ ಮುಂದೆ ಕಟ್ಟೋದು ಇನ್ನೂ ಪ್ರಿಂಟ್ ಆಗ್ಬೇಕು. ಅದ್ರಾಗೆ ಹಾಕ್ತೀನಿ ಬಿಡ್ರಿ.’

ಪುಣ್ಯಸ್ಮರಣೆಯ ದಿನ ಪರಿಶೀಲನೆಗೆಂದು ಗೌರಮ್ಮನವರ ಮನೆಗೆ ಹೋದೆ. ಮಂಜಣ್ಣ ಮಾತಿಗೆ ತಪ್ಪಿರಲಿಲ್ಲ. ನಮ್ಮ ಕಡೆಯ ಫ್ಲೆಕ್ಸುಗಳಲ್ಲಿ ಹೆಸರು ಹಾಕುವ ಜಾಗ ಒಂದೇ, ಕೆಳಗಿನ ‘ದುಃಖತಪ್ತರು’. ಗಂಡ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು, ಕೊನೆಗೆ ನಾನು. ನನ್ನ ಹೆಂಡತಿಯ ಫ್ಲೆಕ್ಸಿನಲ್ಲಿ ಆ ಜಾಗದಲ್ಲಿದ್ದದ್ದು ನನ್ನದೊಂದೇ ಹೆಸರು.

ಹೆಸರು ಹೇಳಿಕೊಂಡಾಗ ಗೌರಮ್ಮನವರ ಗಂಡ ರುದ್ರಪ್ಪ ಎದ್ದು ಬಂದರು. ‘ನೀವೇನ್ರಿ ಅವ್ರು? ಬೆಳಿಗ್ಗಿಂದ ಎಲ್ರೂ ತಲೆ ಕೆರ್ಕಂತಿದಾರೆ. ನಮ್ಮ ಗೌರಿ ತವರ ಕಡೇರಾ?’

ಸಂಬಂಧವಿಲ್ಲ, ಸಾಲು ಮಾತ್ರ ನನ್ನದು ಎಂದೆ. ಅವರು ಫ್ಲೆಕ್ಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

‘ನಾನೂ ಹಂಗೇ ಹೇಳಿ ಹೊರಡ್ತೀನ್ರಿ, ದಿನಾ. ಅದಕ್ಕೇ ಅದನ್ನ ಹಿಡ್ಕಂಡಿದ್ದು. ಬರ್ರಿ, ಕುಂತ್ಕಳ್ರಿ, ಊಟ ಮಾಡ್ರಿ.’

ಸೊಸೆಯಂದಿರು ನನ್ನನ್ನು ಯಾವ ಕಡೆಯವನೆಂದು ಲೆಕ್ಕಕ್ಕೆ ತೆಗೆದುಕೊಂಡರೋ ತಿಳಿಯದು. ಹೋಳಿಗೆಗೆ ತುಪ್ಪವನ್ನಂತೂ ನೆಂಟನಿಗೆ ಸುರಿದಂತೆಯೇ ಸುರಿದರು. ಹೆಸರು ತೆಗೆಸಬೇಕೆಂದು ರುದ್ರಪ್ಪ ಹೇಳಲಿಲ್ಲ, ನಾನೂ ಹೇಳಲಿಲ್ಲ. ತಿದ್ದುಪಡಿ ಹಾಕಿಸದೆ ನಾನು ಬಿಟ್ಟ ತಪ್ಪು ಇದೊಂದೇ ಇರಬೇಕು.

ಚಪ್ಪಲಿ ಮೆಟ್ಟಿ ಹೊರಟಾಗ ರೂಢಿಯಂತೆ ಒಳಗೆ ತಿರುಗಿ ‘ಬರ್ತೀನಿ’ ಎಂದೆ.

‘ಹೂಂ, ಹುಷಾರಾಗಿ ಹೋಗ್ರಿ’ ಎಂದಿತು, ಅಡುಗೆಮನೆಯಿಂದ ಒಂದು ದನಿ.