ನಾಲ್ಕನೇ ಜ್ವರ

ನಮ್ಮ ಹೊಂಗನೂರಿನ ಕಡೆ ಜ್ವರ ಮನುಷ್ಯರಿಗಿಂತ ಹುಳಕ್ಕೆ ಬರುವುದೇ ಹೆಚ್ಚು. ರೇಷ್ಮೆ ಹುಳ ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಸೊಪ್ಪು ಮುಟ್ಟದೆ ತಲೆ ಎತ್ತಿಕೊಂಡು ಸುಮ್ಮನೆ ಕೂತಿರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಹಸಿವೋ ಹಸಿವು. ಅಲ್ಲಿಂದ ಒಂದು ವಾರ ಮನೆಯವರೆಲ್ಲ ಅದರ ಆಳುಗಳು. ಊಟ, ನಿದ್ದೆ, ನೆಂಟರ ಮದುವೆ ಎಲ್ಲ ಆಮೇಲೆ. ನನಗೆ ಹುಳ ಕಂಡರೆ ಅಂಥ ಪ್ರೀತಿಯೇನಿಲ್ಲ. ಅವುಗಳ ದುಡ್ಡಲ್ಲೇ ಓದಿದವಳು ಹೀಗೆ ಹೇಳಬಾರದು ಅಂತ ಗೊತ್ತು, ಆದರೂ ಇಲ್ಲ.

ಡಿಗ್ರಿ ಮುಗಿಸಿದ ವರ್ಷ ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿಗೆ ಸೀಟು ಸಿಕ್ಕಿತು. ಅಲ್ಲಿನ ಫೀಸು ನೋಡಿದರೆ ಸೀಟು ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ. ನನ್ನ ಕಣ್ಣೆಲ್ಲ ಅವರ ಮೆರಿಟ್ ಸ್ಕಾಲರ್‌ಶಿಪ್ ಮೇಲಿತ್ತು. ಸೀಟು ಸಿಕ್ಕವರಲ್ಲಿ ಒಳ್ಳೆ ಅಂಕ ಬಂದವರನ್ನು ಅಪ್ಪ ಅಮ್ಮನ ಜೊತೆ ಕರೆಸಿ ಮಾತಾಡಿಸುತ್ತಾರೆ. ಮೊದಲ ಸುತ್ತಿನಲ್ಲಿ ಆಯ್ಕೆಯಾದರೆ ಪೂರ್ತಿ ಫೀಸು ಮಾಫಿ, ಎರಡನೇ ಸುತ್ತಿನಲ್ಲಾದರೆ ಅರ್ಧ. ನನ್ನ ಅಂಕಕ್ಕೆ ಮೊದಲ ಸುತ್ತು ಗ್ಯಾರಂಟಿ ಅಂತ ಚನ್ನಪಟ್ಟಣದ ಕಾಲೇಜಿನ ಮೇಡಂ ಹೇಳಿದ್ದರು. ನಾನು ಆಗಲೇ ಹಾಸ್ಟೆಲಿಗೆ ಬಕೆಟ್ಟು ಯಾವ ಬಣ್ಣದ್ದು ತಗೊಳ್ಳಲಿ ಅಂತ ಯೋಚಿಸುತ್ತಿದ್ದೆ.

ಅವತ್ತು ಫೋನನ್ನು ಚಾರ್ಜಿಗೆ ಹಾಕಿ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದೆ. ಹೊರೆ ಹೊತ್ತು ವಾಪಸ್ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು, ಮುಖ ಅರಳಿತ್ತು. ಫೋನ್ ಬಂದರೆ ಹಸಿರು ಗುಂಡಿ ಎಳೆದು ಮಾತಾಡುವುದನ್ನು ಹೊಸದಾಗಿ ಕಲಿತಿದ್ದಳು, ಕಲಿತದ್ದರ ಜಂಬ ಇನ್ನೂ ಇಳಿದಿರಲಿಲ್ಲ.

“ನಿನ್ ಯೂನಿವರ್ಸಿಟಿಯಿಂದ ಮಾಡಿದ್ರು ಕಣವ್ವಾ. ನಾಳೀಕೇ ಬನ್ನಿ ಅಂದ್ರು. ನಾಳೀಕೆ ಎಲ್ ಬರಾದು, ಮನೇಲೆಲ್ಲಾ ನಾಕ್ನೇ ಜ್ವರ, ಎದ್ರೆ ಹೊಟ್ಟೆಗಾಕೋರು ಬೇಕು ಅಂದೆ.”

“ಹುಳ ಅಂತ ಹೇಳಿದೆಯಾ?”

“ಜ್ವರ ಅಂದ್ಮೇಲೆ ಹುಳ ಅಂತ ಬೇರೆ ಹೇಳ್ಬೇಕಾ? ಮಗಳಿಗೂ ಐತಾ ಅಂದ್ರು. ಅವಳ್ಗೆಲ್ಲೈತೆ, ಎಲ್ಲಾ ಅವಳೇ ನೋಡ್ಕೊಳಾದು ಅಂದೆ. ಔಷಧಿ ಏನ್ ಕೊಟ್ಟಿದ್ದೀರಾ ಅಂತ್ಲೂ ಕೇಳಿದ್ರು. ಔಷಧಿ ಯಾಕೆ, ಮೈಮ್ಯಾಲೆ ಒಸಿ ಸುಣ್ಣ ಉದುರ್ಸಿದ್ದೀವಿ ಅಂದೆ. ಪಾಪ, ಬಲೇ ಒಳ್ಳೆ ಹೆಣ್ಮಗಳು. ಎಲ್ಲಾ ಹುಷಾರಾಗ್ಲಿ, ಆಮೇಲೆ ಬನ್ನಿ ಅಂದ್ಳು.”

ಹೊರೆ ಹೊತ್ತುಕೊಂಡೇ ನಿಂತಿದ್ದೆ. ಸಂಜೆ ಮೆಸೇಜು ಬಂತು. ಕುಟುಂಬದವರ ಅನಾರೋಗ್ಯದ ಕಾರಣ ನನ್ನನ್ನು ಎರಡನೇ ಸುತ್ತಿಗೆ ಹಾಕಲಾಗಿದೆ, ಎಲ್ಲರೂ ಬೇಗ ಗುಣಮುಖರಾಗಲಿ ಎಂದಿತ್ತು. ಅವರ ನಂಬರಿಗೆ ಎಷ್ಟು ಸಲ ಮಾಡಿದರೂ ಒಂದು ಒತ್ತಿ ಎರಡು ಒತ್ತಿ ಅನ್ನುವ ದನಿಯೇ. ಅವ್ವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದಿದ್ದರೆ ಏನಾದರೂ ಅಂದುಬಿಡುತ್ತಿದ್ದೆ. ಹುಳದ ಮನೆಯ ಹಿಂದೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ ಅಪ್ಪನಿಗೆ ಮೆಸೇಜು ಓದಿ ಹೇಳಿದೆ. ಅಪ್ಪ ನೀರಿನ ಚೊಂಬು ಕೆಳಗಿಟ್ಟು, “ಅವ್ವಂಗೆ ಹೇಳ್ಬ್ಯಾಡ. ಬೆಳಿಗ್ಗೆ ನೀನೇ ಹೋಗಿ ಹುಳದ್ ಸಮಾಚಾರ ಹೇಳ್ಬುಡು” ಅಂದರು.

ಬೆಳಗಾಗುವಷ್ಟರಲ್ಲಿ ಹುಳ ಎದ್ದಿತ್ತು. ಅಪ್ಪ ಕದಲುವ ಹಾಗಿರಲಿಲ್ಲ. ನಾನೊಬ್ಬಳೇ ಮೊದಲ ಬಸ್ಸು ಹತ್ತಿ, ಚನ್ನಪಟ್ಟಣದಲ್ಲಿ ಇನ್ನೊಂದು ಹಿಡಿದು ಬೆಂಗಳೂರು ಸೇರಿದೆ. ಕೌಂಟರಿನ ಹೆಂಗಸು ನನ್ನ ಊರು, ಹೆಸರು ಕೇಳಿದ್ದೇ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. “ಜ್ವರದ ಮನೆಯಿಂದ ಯಾಕಮ್ಮ ಬರೋಕೆ ಹೋದೆ?”

ಹೇಳಿದೆ. ಹುಳ, ಪೊರೆ, ಸುಣ್ಣ ಎಲ್ಲ ಹೇಳಿದೆ. ಆಕೆ ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡಳು. ಪಕ್ಕದ ಕೌಂಟರಿನವರನ್ನು ಕರೆದು ನನ್ನಿಂದ ಇನ್ನೊಂದು ಸಲ ಹೇಳಿಸಿದಳು. ಆಮೇಲೆ ನಿಜವಾಗಲೂ ಬೇಜಾರು ಮಾಡಿಕೊಂಡಳು. ಮೊದಲ ಸುತ್ತಿನ ನನ್ನ ಜಾಗಕ್ಕೆ ನಿನ್ನೆಯೇ ಬೇರೆ ಹುಡುಗನನ್ನು ಕರೆದಾಗಿತ್ತು, ಅವನು ಅಪ್ಪ ಅಮ್ಮನ ಜೊತೆ ಒಳಗೆ ಕೂತಿದ್ದ. ಅವನನ್ನು ಎಬ್ಬಿಸುವುದಕ್ಕಾಗುತ್ತದೆಯೇ? ಆಕೆಯೇ ಓಡಾಡಿ, ಅಪ್ಪ ಅವ್ವ ಜೊತೆಗಿಲ್ಲದಿದ್ದರೂ ಎರಡನೇ ಸುತ್ತಿನ ಮಾತುಕತೆಯನ್ನು ಅವತ್ತೇ ಮುಗಿಸಿಕೊಟ್ಟಳು. ಅರ್ಧ ಸಿಕ್ಕಿತು. ಒಂದು ಸೆಮಿಸ್ಟರಿನಲ್ಲಿ ಅಂಕ ಇಳಿದರೂ ಅದೂ ಹೋಗುತ್ತದೆ ಅಂದರು. ವಾಪಸ್ ಬರುವಾಗ ಕೆಂಗಲ್‌ನಲ್ಲಿ ಬಸ್ಸಿನವರೆಲ್ಲ ಆಂಜನೇಯನಿಗೆ ಕೈ ಮುಗಿದರು. ನಾನು ಮುಗಿಯಲಿಲ್ಲ.

ಅಪ್ಪ ಬಸ್ ಸ್ಟಾಪಿಗೆ ಗಾಡಿ ತಂದಿದ್ದರು. ಅರ್ಧ ಅಂದೆ. ಸೀಟು ಬಿಟ್ಟುಬಿಡುತ್ತೇನೆ ಅಂತಲೂ ಅಂದೆ. ಅಪ್ಪ ಗಾಡಿ ಸ್ಟಾರ್ಟ್ ಮಾಡಿದರು. ಮನೆ ಮುಂದೆ ಅವ್ವ ಕೈಯಲ್ಲಿ ಸೊಪ್ಪು ಹಿಡಿದುಕೊಂಡೇ ಓಡಿಬಂದಳು. ನಾನು ಬಾಯಿ ತೆಗೆಯುವ ಮೊದಲೇ ಅಪ್ಪ, “ಪೂರ್ತಿ ಮಾಫಿಯಂತೆ ಕಣೇ” ಅಂದುಬಿಟ್ಟರು.

“ನಾ ಮಾತಾಡಿದ್ದಕ್ಕೇಯ!” ಅಂದಳು ಅವ್ವ. “ಆಯಮ್ಮನ್ ಜೊತೆ ನಾನು ಹಂಗ್ ಮಾತಾಡ್ದೆ, ಅದ್ಕೇ ಕೊಟ್ರು.”

ಅವತ್ತಿನಿಂದ ಅವ್ವ ಆ ಮಾತನ್ನು ಹೇಳದ ಮನೆ ನಮ್ಮ ಬೀದಿಯಲ್ಲಿ ಉಳಿದಿಲ್ಲ. ನಾನು ಈಗ ಎರಡನೇ ವರ್ಷದಲ್ಲಿದ್ದೇನೆ. ಉಳಿದರ್ಧ ಫೀಸು ಒಂದೊಂದು ಬೆಳೆಯಲ್ಲೂ ಹೋಗುತ್ತಿದೆ. ರಾಮನಗರದ ಮಾರುಕಟ್ಟೆಯಲ್ಲಿ ಗೂಡು ಮಾರಿದ ದುಡ್ಡು ಅಪ್ಪನ ಖಾತೆಗೆ ಬೀಳುತ್ತದೆ, ಅಲ್ಲಿಂದ ನೇರ ವಿಶ್ವವಿದ್ಯಾಲಯಕ್ಕೆ. ಅವ್ವನಿಗೆ ನಿಜ ಹೇಳಿಬಿಡೋಣ ಅಂತ ರಜಕ್ಕೆ ಬಂದಾಗಲೆಲ್ಲ ಅಂದುಕೊಳ್ಳುತ್ತೇನೆ. ಹೇಳಿದರೆ ಆಕೆ ಮತ್ತೆ ಯಾರ ಫೋನನ್ನೂ ಎತ್ತುವುದಿಲ್ಲ, ಯಾರ ಹತ್ತಿರವೂ ಬಾಯಿ ತೆರೆಯುವುದಿಲ್ಲ. ನನಗದು ಗೊತ್ತು. ಹೇಳದೆ ಇರುವುದೂ ಸುಲಭವಲ್ಲ. ಅಂಕ ಕಮ್ಮಿ ಬರಬಾರದು, ಹುಷಾರು ತಪ್ಪಬಾರದು, ಓದು ಬೇಸರ ಅನ್ನುವ ಹಾಗಿಲ್ಲ.

ಹೋದ ಬೆಳೆಗೆ ಮನೆಗೆ ಬಂದಿದ್ದೆ. ಅವ್ವನ ಮಂಡಿ ಊದಿಕೊಂಡಿತ್ತು. ಸೊಪ್ಪು ಹಾಕಲು ಒಬ್ಬಳು ಆಳು ಇಟ್ಟುಕೊಳ್ಳೋಣ ಅಂದಳು. ಮುಂದಿನ ಬೆಳೆಗೆ ನೋಡಾಣ ಅಂದರು ಅಪ್ಪ. ಹೋದ ಸಲವೂ ಹಾಗೇ ಅಂದಿದ್ದರಂತೆ. ಅವ್ವ ಸೊಪ್ಪಿನ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು.

“ಮಗಳ್ ಫೀಸಿಲ್ಲ, ಒಂದ್ ಒಡವೆ ಇಲ್ಲ. ದುಡ್ಡೆಲ್ಲ ಎಲ್ಲಿಗೋಯ್ತದೆ? ಇಸ್ಪೀಟು ಆಡ್ತಿದ್ದೀಯಾ? ನಿಜ ಹೇಳು.”

ಅಪ್ಪನಿಗೆ ಇಸ್ಪೀಟೆಲೆ ಕಲಸುವುದಕ್ಕೂ ಬರುವುದಿಲ್ಲ. ಒಂದು ಸಲ ನನ್ನ ಕಡೆ ನೋಡಿ, ತಲೆ ತಗ್ಗಿಸಿ, “ಆಡ್ತೀನಿ. ಏನೀಗ?” ಅಂದರು.

ಅವ್ವ ಅಳಲಿಲ್ಲ. ಮಂಡಿ ಹಿಡಿದುಕೊಂಡು ಮೆಲ್ಲಗೆ ನನ್ನ ಹತ್ತಿರ ಬಂದು, ಸೊಪ್ಪಿನ ಕರೆ ಹತ್ತಿದ ಕೈಯಲ್ಲೇ ನನ್ನ ಕೆನ್ನೆ ಮುಟ್ಟಿದಳು. “ನೀನಾದ್ರೂ ಚೆನ್ನಾಗ್ ಓದು ಕಣವ್ವಾ. ನಿಮ್ಮಪ್ಪನಂಗೆ ಆಗ್ಬ್ಯಾಡ.”

ಅಪ್ಪ ಅಲ್ಲೇ ನಿಂತಿದ್ದರು. ನಾನು ಹೂಂ ಅಂದೆ.